ಸೂಳೆಕೆರೆ ದಂಡೆಯ ಚಿಪ್ಪು

ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ದಂಡೆಯ ಕೆಸರು ಒಣಗಿ ಬಿರುಕು ಬಿಡುತ್ತದೆ. ಆ ಬಿರುಕುಗಳ ನಡುವೆ ಬೆಳ್ಳಗೆ ಕಾಣುವ ಕಪ್ಪೆಚಿಪ್ಪು ಆಯುವುದು ಚಿಕ್ಕಂದಿನಿಂದ ನನಗೆ ಅಂಟಿದ ಹುಚ್ಚು. ಈಚೆಗೆ ಬಸವಾಪಟ್ಟಣದ ಹುಡುಗನೊಬ್ಬ ಅಂಥದ್ದೇ ಒಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. “ಮಾವ, ಇದು ಸಮುದ್ರದ್ದಲ್ವಾ? ಕಲ್ಲಾಗಿಬಿಟ್ಟಿದೆ ನೋಡಿ” ಎಂದ.

ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಹಪ್ಪಳದಷ್ಟು ಹಗುರ. ಪಳೆಯುಳಿಕೆಯಾದ ಚಿಪ್ಪಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಹೂಳು ತುಂಬಿ ಕಲ್ಲಾಗಿರುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಆಮೇಲೆ ತೊಳೆದು ಒಳಮೈಯನ್ನು ಬಿಸಿಲಿಗೆ ಹಿಡಿದೆ. ತಿಳಿಗುಲಾಬಿ, ನೀಲಿ ಮಿಂಚು. ಮುತ್ತಿನ ಪದರ ಇನ್ನೂ ಮಾಸಿರಲಿಲ್ಲ. ಹೊರಮೈಯ ಅಂಚಿನಲ್ಲಿ ಕಂದು-ಹಸಿರು ಸಿಪ್ಪೆ ತೆಳ್ಳಗೆ ಏಳುತ್ತಿತ್ತು. ಕೀಲಿನ ಹತ್ತಿರದ ಉಬ್ಬು ಮಾತ್ರ ಸವೆದು ಸುಣ್ಣದಂತೆ ಬಿಳಿಚಿತ್ತು. ದಾರಿ ತಪ್ಪಿಸುವುದು ಈ ಸವೆತವೇ. ಬಹಳ ಪುರಾತನ, ಅದಕ್ಕೇ ಸವೆದಿದೆ ಅಂದುಕೊಳ್ಳುತ್ತೇವೆ. ಆದರೆ ಸಿಹಿನೀರಿನಲ್ಲಿ ಚಿಪ್ಪಿನ ಸುಣ್ಣ ಕರಗುವುದು ಸುಲಭ. ಎಲ್ಲಕ್ಕಿಂತ ಮೊದಲು ಬೆಳೆದ ಆ ಉಬ್ಬು, ಒಳಗಿನ ಹುಳು ಬದುಕಿರುವಾಗಲೇ ಸವೆದುಹೋಗಿರುತ್ತದೆ. ಇದು ಲ್ಯಾಮೆಲಿಡೆನ್ಸ್, ನಮ್ಮ ಕೆರೆ ಕಾಲುವೆಗಳ ಸಾಮಾನ್ಯ ಚಿಪ್ಪು. ಕಡಲತೀರದಲ್ಲಿ ಸಿಗುವ ಆರ್ಕ್ ಜಾತಿಯ ಚಿಪ್ಪಿನ ಬೆನ್ನ ಮೇಲೆ ಬಾಚಣಿಗೆಯ ಹಲ್ಲಿನಂಥ ಏಣುಗಳಿರುತ್ತವೆ. ಇದರ ಬೆನ್ನು ನುಣುಪು, ಬೆಳವಣಿಗೆಯ ಗೆರೆಗಳಷ್ಟೇ.

ನಿಂಬೆರಸ ಬಿಟ್ಟಾಗ ನೊರೆ ಬಂದರೆ ಪಳೆಯುಳಿಕೆ ಎನ್ನುವವರಿದ್ದಾರೆ. ಅದನ್ನು ನಂಬಬೇಡಿ. ನಿನ್ನೆ ಸತ್ತ ಹುಳುವಿನ ಚಿಪ್ಪೂ ಸುಣ್ಣವೇ, ನೊರೆ ಬಂದೇ ಬರುತ್ತದೆ.

ನಿಜವಾದ ಕಡಲ ಪಳೆಯುಳಿಕೆ ನಮ್ಮ ದೇವರ ಮನೆಯಲ್ಲೇ ಇದೆ. ಗಂಡಕಿ ನದಿಯ ಸಾಲಿಗ್ರಾಮದ ಚಕ್ರ ಎಂದರೆ ಅಮ್ಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಸುರುಳಿ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಕಡಲಿನದು. ಅಮ್ಮನ ಅಪ್ಪಣೆ ಪಡೆದು ಹುಡುಗನ ಒಂದು ಕೈಗೆ ಅದನ್ನು ಕೊಟ್ಟೆ, ಇನ್ನೊಂದು ಕೈಯಲ್ಲಿ ಅವನ ಚಿಪ್ಪಿತ್ತು. ಅವನ ಮುಖ ಸಪ್ಪಗಾಯಿತು.

“ಹಂಗಾದ್ರೆ ಇಲ್ಲಿ ಸಮುದ್ರ ಇರ್ಲೇ ಇಲ್ವಾ?”

ಇತ್ತು. ಹರಿದ್ರಾ ಹೊಳೆಗೆ ಅಡ್ಡಲಾಗಿ ಸೂಳೆಕೆರೆಯ ಏರಿ ಕಟ್ಟಿದ ಈ ಸೀಮೆಯ ಗುಡ್ಡಗಳು ಧಾರವಾಡ ಶಿಲಾವರ್ಗದವು, 250 ಕೋಟಿ ವರ್ಷಗಳಿಗೂ ಹಿಂದಿನವು. ಚಿಪ್ಪು ಕಟ್ಟುವ ಪ್ರಾಣಿಗಳು ಬಂದದ್ದೇ ಸುಮಾರು 55 ಕೋಟಿ ವರ್ಷಗಳ ಹಿಂದೆ. ಈ ಕಲ್ಲಿನಲ್ಲಿ ಚಿಪ್ಪು ಹುಡುಕಿದರೆ ಸಿಗದು. ಆದರೆ ಚನ್ನಗಿರಿ ತಾಲ್ಲೂಕಿನ ಜೋಳದಹಾಳಿನ ಹೆಸರು ಹೊತ್ತ ಶಿಲಾಸ್ತರಗಳಲ್ಲಿ ಸುಣ್ಣಕಲ್ಲಿದೆ, ಅದು ನೀರಿನಡಿ ಕೂತ ಕಲ್ಲು. ಇತ್ತ ಶಿವಮೊಗ್ಗದ ಕುಂಸಿ, ಅತ್ತ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಕಡೆ ಸ್ಟ್ರೊಮಾಟೊಲೈಟ್ ಸಿಕ್ಕಿವೆ. ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳು ಆಳವಿಲ್ಲದ ನೀರಿನಲ್ಲಿ ಲೋಳೆಯ ಹಾಸು ಹಾಸಿ, ಹೂಳು ಹಿಡಿದು, ಅದರ ಮೇಲೆ ಮತ್ತೆ ಹಾಸು ಕಟ್ಟಿ ಬಿಟ್ಟುಹೋದ ಕಲ್ಲು ಅದು. ಬಟ್ಟಲುಗಳನ್ನು ಒಂದರ ಮೇಲೊಂದು ಕವುಚಿಟ್ಟಂಥ ಗೆರೆಗಳು. ಒಣ ಕಲ್ಲಿನಲ್ಲಿ ಮಸುಕು. ನೀರು ಚಿಮುಕಿಸಿದರೆ ಎದ್ದು ಬರುತ್ತವೆ.

ಭಾನುವಾರ ಇಬ್ಬರೂ ಕುಂಸಿಗೆ ಹೋಗುವುದೆಂದು ಆಗಿದೆ. ಸುತ್ತಿಗೆ ಬೇಡ, ಒಂದು ಬಾಟಲಿ ನೀರು ತಗೊಂಡು ಬಾ ಎಂದಿದ್ದೇನೆ.