ಹುಲಿಯ ಪಶ್ಚಾತ್ತಾಪ: ಮಕ್ಕಳ ಕಥಾಪಾತ್ರಗಳ ಕ್ರೈಸ್ತ ಓದು

ಕಥೆಯ ಪಾತ್ರಗಳನ್ನು ಕ್ರೈಸ್ತ ದೃಷ್ಟಿಯಿಂದ ಗ್ರಹಿಸಲು ಮಕ್ಕಳಿಗೆ ಕಲಿಸುವ ಕ್ರಮ ಕನ್ನಡ ನಾಡಿಗೆ ಹೊಸತಲ್ಲ. ವೆಸ್ಲಿಯನ್ ಎಂಬ ಪ್ರಾಟೆಸ್ಟಂಟ್ ಮಿಷನ್ 1830ರ ದಶಕದಲ್ಲೇ ತುಮಕೂರು ಸೀಮೆಯ ಗುಬ್ಬಿಯಲ್ಲಿ ನೆಲೆಯೂರಿತ್ತು. ಇಂಗ್ಲಿಷ್ ಲೇಖಕ ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ಕೃತಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದದ್ದೂ ಹತ್ತೊಂಬತ್ತನೆಯ ಶತಮಾನದಲ್ಲೇ. ಅದು ಅನ್ಯೋಕ್ತಿ, ಅಂದರೆ ಹಠ, ನಿರಾಶೆ, ಭರವಸೆಗಳೇ ಮನುಷ್ಯರೂಪ ತಾಳಿ ನಡೆದಾಡುವ ಕಥೆ. ಭಾನುವಾರದ ಪಾಠಗಳು ಈ ಮಾದರಿಯನ್ನು ಎಲ್ಲ ಕಥೆಗಳಿಗೂ ಹಚ್ಚಿ, ಇವನು ಪಾಪಿ, ಅವನು ಭಕ್ತ ಎಂದು ಗುರುತಿಸಿದ ಕೂಡಲೇ ಪಾತ್ರದ ಪರಿಚಯ ಮುಗಿಯಿತೆಂದು ಭಾವಿಸುವುದು ದೊಡ್ಡ ಕೊರತೆ.

ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೂ ಹೌದು, ಪಾಪಕ್ಕೆ ಬಿದ್ದವನೂ ಹೌದು ಎಂಬ ಕ್ರೈಸ್ತ ನಂಬಿಕೆಯೇ ಇಂಥ ಅವಸರದ ತೀರ್ಪಿಗೆ ಅಡ್ಡಿಯಾಗಬೇಕಿತ್ತು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯದಲ್ಲಿ, ಅಂದರೆ ಯೇಸು ಬೋಧನೆಗೆಂದು ಹೇಳಿದ ಕಥೆಯಲ್ಲಿ, ಆಸ್ತಿ ಹಾಳುಮಾಡಿದ ಕಿರಿಯ ಮಗ ತಂದೆಯ ಅಪ್ಪುಗೆಗೆ ಮರಳುತ್ತಾನೆ. ಆಜ್ಞೆ ಮೀರದ ಹಿರಿಯನೋ ಕೋಪದಿಂದ ಹೊರಗೇ ನಿಲ್ಲುತ್ತಾನೆ, ಅವನು ಒಳಗೆ ಬಂದನೇ ಎಂಬುದನ್ನು ಕಥೆ ಹೇಳುವುದೇ ಇಲ್ಲ.

ಈ ಕ್ರಮದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಬೈಬಲಿನ ಹೊರಗಿನ ಕಥೆಗಳಲ್ಲಿ. ಅದೇ ತುಮಕೂರು ಸೀಮೆಯ ಬೋರನಕಣಿವೆ ಜಲಾಶಯದ ಆಸುಪಾಸಿನಲ್ಲಿ, ತೆಂಗಿನ ತೋಟಗಳ ಮತ್ತು ಅಮೃತಮಹಲ್ ದನಗಳು ಮೇಯುವ ಕಾವಲುಗಳ ನಡುವೆ ಬೆಳೆಯುವ ಮಗುವಿಗೆ ‘ಗೋವಿನ ಹಾಡು’ ಎಂಬ ಜನಪದ ಕಥನಗೀತೆ ಮನೆಯ ಕಥೆಯಷ್ಟೇ ಹತ್ತಿರದ್ದು. ತನ್ನನ್ನು ಹಿಡಿದ ಹಸಿದ ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲುಣಿಸಿ ಮರಳಿ ಬರುವ ಹಸು ಪುಣ್ಯಕೋಟಿಯನ್ನು ಕ್ರಿಸ್ತನ ಛಾಯೆಯೆಂದು ವಿವರಿಸುವುದು ಸುಲಭ, ಆದರೆ ಸಡಿಲ. ಆ ಹಸು ಮರಳಿದ್ದು ಕೊಟ್ಟ ಮಾತಿಗಾಗಿಯೇ ಹೊರತು ಇನ್ನೊಬ್ಬರ ಪಾಪವನ್ನು ಹೊರಲು ಅಲ್ಲ. ಹೆಚ್ಚು ಫಲ ಕೊಡುವ ಪಾತ್ರ ಹುಲಿಯದು. ಎಳೆಯ ಸಿಂಹಗಳು ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆಂದು 104ನೆಯ ಕೀರ್ತನೆ ಹೇಳುವುದರಿಂದ ಹಸಿವನ್ನೇ ದುಷ್ಟತನವೆನ್ನಲಾಗದು. ಎದುರಿನ ಹಸುವಿನಲ್ಲಿ ಆಹಾರದ ಬದಲು ಅಕ್ಕನನ್ನು ಕಂಡ ಗಳಿಗೆಯಲ್ಲಿ ಹುಲಿ ಬದಲಾಗುತ್ತದೆ. ಆದರೆ ಆ ಬದಲಾವಣೆಯ ಬೆನ್ನಿಗೇ ಅದು ಪ್ರಾಣ ಬಿಡುತ್ತದೆ. ಹುಲಿ ಯಾಕೆ ಸಾಯಬೇಕಿತ್ತು ಎಂದು ಮಗು ಕೇಳಿದರೆ, ಯೇಸುವನ್ನು ಹಿಡಿದುಕೊಟ್ಟು ಪರಿತಪಿಸಿ ನೇಣು ಹಾಕಿಕೊಂಡ ಯೂದನನ್ನೂ, ಯೇಸುವನ್ನು ಅರಿಯೆನೆಂದು ಹೇಳಿ ಬಿಕ್ಕಿ ಅತ್ತರೂ ಬದುಕುಳಿದು ಕುರಿಗಳನ್ನು ಮೇಯಿಸುವ ಹೊಣೆ ಪಡೆದ ಪೇತ್ರನನ್ನೂ ಶಿಕ್ಷಕ ಜೊತೆಜೊತೆಗೆ ನೆನೆಯಲೇಬೇಕು. ಹುಲಿಯನ್ನು ಬದುಕಿಸಲು ಹಾಡಿನ ಕೊನೆಯನ್ನು ತಿದ್ದುವುದು ಜನಪದಕ್ಕೆ ಬಗೆಯುವ ಅನ್ಯಾಯ. ಆ ಸಾವೇ ಪಶ್ಚಾತ್ತಾಪದ ಸಹಜ ಕೊನೆಯೆಂದು ಹೇಳಿಕೊಡುವುದು ಮಗುವಿಗೂ ಸುವಾರ್ತೆಗೂ ಬಗೆಯುವ ಅನ್ಯಾಯ.