ನ್ಯೂಕ್ಯಾಸಲ್‌ನ ಕಡತ, ಮೈಸೂರಿನ ಕಾಯುವಿಕೆ

ಬ್ರಿಟನ್ನಿನ ಸರ್ಕಾರಿ ಪಿಂಚಣಿ, ಅಂದರೆ ಸ್ಟೇಟ್ ಪೆನ್ಷನ್, ಕಾಗದದ ಮೇಲೆ ಉದಾರವಾದದ್ದೇ. ಹತ್ತು ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದರೆ ಒಂದು ಪಾಲು, 35 ವರ್ಷ ಕಟ್ಟಿದ್ದರೆ ಪೂರ್ತಿ. ಪಡೆಯುವವರು ಯಾವ ದೇಶದ ಪ್ರಜೆ, ಈಗ ಎಲ್ಲಿ ವಾಸ ಎಂದು ಕೇಳಿ ಹಕ್ಕನ್ನೇ ಕಿತ್ತುಕೊಳ್ಳುವುದಿಲ್ಲ. 2025-26ರಲ್ಲಿ ಪೂರ್ತಿ ಮೊತ್ತ ವಾರಕ್ಕೆ 230.25 ಪೌಂಡ್. ದಾವಣಗೆರೆಯಲ್ಲೋ ಮಣಿಪಾಲದಲ್ಲೋ ವೈದ್ಯಕೀಯ ಓದಿ, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡಿ, ಕೊನೆಗೆ ಮೈಸೂರಿನಲ್ಲಿ ಮನೆ ಕಟ್ಟಿಕೊಂಡು ನೆಲೆಸಿದ ವೈದ್ಯ ದಂಪತಿಗೆ ಇದು ಸಣ್ಣ ಹಣವಲ್ಲ.

ಆದರೆ ಲೆಕ್ಕ ಉದಾರವಾದಷ್ಟು ಪಾವತಿಯ ದಾರಿ ಉದಾರವಾಗಿಲ್ಲ.

ಮೊದಲ ತೊಡಕು, ಈ ಪಿಂಚಣಿ ತಾನಾಗಿ ಬರುವುದಿಲ್ಲ. ಕೇಳಬೇಕು. ವಯೋಮಿತಿ 66, 2026ರ ಏಪ್ರಿಲ್‌ನಿಂದ ಎರಡು ವರ್ಷಗಳಲ್ಲಿ ಅದು ಹಂತಹಂತವಾಗಿ 67ಕ್ಕೆ ಏರುತ್ತದೆ. ಆ ವಯಸ್ಸು ತುಂಬುವ ದಿನಕ್ಕೆ ನಾಲ್ಕು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲೇ ಇರುವವರು ಆನ್‌ಲೈನಿನಲ್ಲಿ ಮುಗಿಸಿಬಿಡುತ್ತಾರೆ. ಹೊರದೇಶದವರ ವ್ಯವಹಾರವೆಲ್ಲ ನ್ಯೂಕ್ಯಾಸಲ್‌ನ ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರ್ ಜೊತೆ. ಫೋನ್ ಮಾಡಬಹುದು, ಇಲ್ಲವೇ ಫಾರಂ ತುಂಬಿ ಅಂಚೆಗೆ ಹಾಕಬಹುದು. ಆ ಫಾರಂ ನ್ಯೂಕ್ಯಾಸಲ್‌ಗೆ ನೇರವಾಗಿ ಹೋಗುವುದೂ ಇಲ್ಲ. ವುಲ್ವರ್‌ಹ್ಯಾಂಪ್ಟನ್‌ನ ಅಂಚೆ ವಿಲೇವಾರಿ ಕೇಂದ್ರಕ್ಕೆ ಮೊದಲು ಹೋಗುತ್ತದೆ. ಇನ್ನು ಅರ್ಜಿದಾರರು ಎಷ್ಟು ವರ್ಷ ವಿಮೆ ಕಟ್ಟಿದ್ದಾರೆ ಎಂಬ ದಾಖಲೆ ಇರುವುದು ಬೇರೊಂದು ಇಲಾಖೆಯಲ್ಲಿ, ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಬಳಿ. ಒಂದು ಇಲಾಖೆ ಹಣ ಕೊಡುತ್ತದೆ, ಇನ್ನೊಂದು ಲೆಕ್ಕ ಇಟ್ಟುಕೊಂಡಿದೆ. ಎರಡರ ನಡುವೆ ಕಡತ ಸಿಕ್ಕಿಕೊಂಡರೆ ಅದು ಯಾರ ಮೇಜಿನ ಮೇಲಿದೆ ಎಂದು ಮೈಸೂರಿನಿಂದ ತಿಳಿಯುವ ಬಗೆ ಇಲ್ಲ.

ಕರ್ನಾಟಕದವರಿಗೆ ಇದರ ಮೇಲೊಂದು ಹೆಸರಿನ ಪೇಚಾಟ. ನಮ್ಮ ಹಿರಿಯರ ಹೆಸರಲ್ಲಿ ಊರು ಒಂದು ಇನಿಷಿಯಲ್, ತಂದೆ ಇನ್ನೊಂದು ಇನಿಷಿಯಲ್. 1970ರ ದಶಕದಲ್ಲಿ ಲಂಡನ್ನಿನಲ್ಲಿ ಇಳಿದಾಗ ಅಲ್ಲಿನ ಗುಮಾಸ್ತ ಅದರಲ್ಲಿ ಯಾವುದನ್ನು 'ಸರ್‌ನೇಮ್' ಎಂದು ಬರೆದುಕೊಂಡನೋ ಅದೇ ದಾಖಲೆಯಲ್ಲಿ ಉಳಿದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು, ವಿಮೆ ದಾಖಲೆಯಲ್ಲಿ ಇನ್ನೊಂದು, ಬೆಂಗಳೂರಿನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಹುಟ್ಟಿದ ತಾರೀಖಿನ ಸಮಸ್ಯೆ ಬೇರೆ. ಇವುಗಳಲ್ಲಿ ಒಂದು ತಾಳೆಯಾಗದಿದ್ದರೂ ಪತ್ರ ವಾಪಸ್ಸು ಬರುತ್ತದೆ. ಉತ್ತರಕ್ಕೆ ಮತ್ತೆ ಅಂಚೆ.

ಬ್ಯಾಂಕಿನ ವಿಷಯ ಇನ್ನೂ ಸ್ವಾರಸ್ಯ. ಹೊರದೇಶದ ಖಾತೆಗೆ ಹಣ ಬೇಕಿದ್ದರೆ ಐಬ್ಯಾನ್ ಮತ್ತು ಬಿಐಸಿ ಸಂಖ್ಯೆ ಕೊಡಿ ಎಂದು ಬ್ರಿಟಿಷ್ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಬಿಐಸಿ ಎಂದರೆ ಸ್ವಿಫ್ಟ್ ಕೋಡ್. ಅದನ್ನು ಬ್ಯಾಂಕಿನಲ್ಲಿ ಕೇಳಿ ತರಬಹುದು. ಐಬ್ಯಾನ್? ಭಾರತದಲ್ಲಿ ಐಬ್ಯಾನ್ ಪದ್ಧತಿಯೇ ಇಲ್ಲ. ನಮ್ಮಲ್ಲಿರುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ. ಯುರೋಪಿನ ಖಾತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸೂಚನೆಯನ್ನು ಹಿಡಿದುಕೊಂಡು 66ರ ಹಿರಿಯರು ಬ್ಯಾಂಕಿನ ಕೌಂಟರಿಗೆ ಹೋದರೆ, ಒಳಗಿನ ಹುಡುಗ ಅಂಥದ್ದೇನೂ ಇಲ್ಲ ಸಾರ್ ಎನ್ನುತ್ತಾನೆ. ಇಬ್ಬರದೂ ತಪ್ಪಲ್ಲ.

ಇಷ್ಟೆಲ್ಲ ದಾಟಿ ಹಣ ಶುರುವಾದ ಮೇಲೂ ನೆಮ್ಮದಿ ಪೂರ್ತಿಯಲ್ಲ. ಆಗಾಗ ಲೈಫ್ ಸರ್ಟಿಫಿಕೇಟ್ ಬರುತ್ತದೆ: ಬದುಕಿದ್ದೀರಾ ಎಂದು ಕೇಳುವ ಕಾಗದ. ಸಾಕ್ಷಿಯ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಪಡೆದು ಮರಳಿಸಬೇಕು. ಸಾಕ್ಷಿ ಬ್ರಿಟನ್ನಿನಲ್ಲಿ ಇರಬೇಕಿಲ್ಲ, ಅಲ್ಲಿನ ಪಾಸ್‌ಪೋರ್ಟೂ ಬೇಕಿಲ್ಲ. ಇಷ್ಟು ಮಟ್ಟಿಗೆ ನಿಯಮದಲ್ಲಿ ವಿವೇಕವಿದೆ. ಆದರೆ ಕಾಗದ ತಲುಪದೆ ಹೋದರೆ? ಮಳೆಗಾಲದಲ್ಲಿ ಪಕ್ಕದ ಮನೆಯವರ ಗೇಟಿಗೆ ಸಿಕ್ಕಿಸಿ ಹೋದ ಲಕೋಟೆಯ ಬೆಲೆ, ಪಿಂಚಣಿ ನಿಂತುಹೋಗುವುದು. ಭಾರತ ಸರ್ಕಾರ ತನ್ನ ನಿವೃತ್ತರಿಗಾಗಿ 2014ರ ನವೆಂಬರ್‌ನಲ್ಲಿ 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ತಂದಿತು. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕು. ಅದಕ್ಕೂ ಆಧಾರ್, ಬೆರಳಚ್ಚು ಎಂಬ ತಕರಾರುಗಳಿವೆ, ಅದೇನೂ ದೋಷರಹಿತವಲ್ಲ. ಆದರೂ ಪ್ರಮಾಣಪತ್ರ ಸಲ್ಲಿಕೆಯಾದ ಕೂಡಲೇ ಒಂದು ಸಂಖ್ಯೆ ಕೈಗೆ ಸಿಗುತ್ತದೆ. ಅಂಚೆಗೆ ಹಾಕಿದ ಬ್ರಿಟಿಷ್ ಕಾಗದದ ವಿಷಯದಲ್ಲಿ ಕೈಗೆ ಸಿಗುವುದು ಸ್ಪೀಡ್ ಪೋಸ್ಟಿನ ರಸೀದಿ ಮಾತ್ರ.

ತಡವಾದರೆ ನಷ್ಟ ಯಾರದು? ಹಕ್ಕಿನ ದಿನದಿಂದ ಬಾಕಿ ಕೊಡುತ್ತಾರೆ, ಅದು ನಿಜ. ಅರ್ಜಿಯನ್ನೇ ತಡವಾಗಿ ಹಾಕಿದವರಿಗೂ ಹನ್ನೆರಡು ತಿಂಗಳವರೆಗಿನ ಹಿಂಬಾಕಿ ಸಿಗಬಹುದು. ಆದರೆ ಕಾದ ತಿಂಗಳುಗಳಿಗೆ ಬಡ್ಡಿ ಹಕ್ಕಿನ ಮಾತಲ್ಲ. ಇಲಾಖೆ ತನ್ನ ತಪ್ಪೆಂದು ಒಪ್ಪಿದರೆ ವಿಶೇಷ ಪರಿಹಾರವಾಗಿ ಕೊಡಬಹುದಾದದ್ದು. ಹೀಗೆ ತಡದ ಭಾರ ಕಚೇರಿಯ ಹೆಗಲಿಂದ ವೃದ್ಧರ ಹೆಗಲಿಗೆ ಜಾರುತ್ತದೆ. ಈ ವ್ಯವಸ್ಥೆಯ ಮೂಲ ದೋಷ ಇದೇ. ಮಿಕ್ಕಿದ್ದೆಲ್ಲ ಫಾರಂ ತಿದ್ದಿದರೆ ಸರಿಹೋಗುವಂಥದ್ದು.

ಹೊರದೇಶದವರಿಗೆ ಮಾತ್ರ ಹೀಗೆ ಎಂದುಕೊಂಡರೂ ತಪ್ಪು. 2021ರಲ್ಲಿ ಬ್ರಿಟನ್ನಿನೊಳಗೇ ಸಾವಿರಾರು ಹೊಸ ಪಿಂಚಣಿದಾರರಿಗೆ ಮೊದಲ ಕಂತು ಹೊತ್ತಿಗೆ ಬರಲಿಲ್ಲ. ಅದೇ ವರ್ಷ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಇನ್ನೂ ದೊಡ್ಡ ಸಂಗತಿಯೊಂದನ್ನು ಹೊರಹಾಕಿತು: ಸುಮಾರು 1,34,000 ಮಂದಿಗೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಒಟ್ಟು 100 ಕೋಟಿ ಪೌಂಡಿಗೂ ಮಿಕ್ಕಿ ಕಡಿಮೆ ಕೊಡಲಾಗಿತ್ತು. ಕೆಲವು ತಪ್ಪುಗಳು 1985ರಷ್ಟು ಹಳೆಯವು. ಅಂದರೆ ಪತ್ರ ಬಂತು, ಮೊತ್ತ ನಿಗದಿಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದು ನಂಬಿ ಕೂರುವ ಹಾಗಿಲ್ಲ.

ಭಾರತದಲ್ಲಿ ನೆಲೆಸಿದವರಿಗೆ ತಡಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಪಿಂಚಣಿ ಶುರುವಾದ ದಿನದ ದರದಲ್ಲೇ ನಿಂತುಬಿಡುತ್ತದೆ. ಅಮೆರಿಕ, ಯುರೋಪಿನ ದೇಶಗಳು, ಫಿಲಿಪೀನ್ಸ್‌ನಲ್ಲಿ ಇರುವವರಿಗೆ ಪ್ರತಿ ಏಪ್ರಿಲ್‌ನಲ್ಲಿ ಏರಿಕೆಯುಂಟು. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಇಲ್ಲ. 2000ದಲ್ಲಿ ವಾರಕ್ಕೆ 67.50 ಪೌಂಡಿನ ಪೂರ್ತಿ ಬೇಸಿಕ್ ಪಿಂಚಣಿ (ಅಂದರೆ ಹಳೆಯ ಪದ್ಧತಿಯ ಪಿಂಚಣಿ) ಪಡೆದು ಇಲ್ಲಿಗೆ ಬಂದವರಿಗೆ ಇಂದಿಗೂ 67.50, ಅಲ್ಲೇ ಉಳಿದ ಸಹೋದ್ಯೋಗಿಗೆ 2025-26ರಲ್ಲಿ 176.45. ವಿಚಿತ್ರವೆಂದರೆ ಅದೇ ವೈದ್ಯರಿಗೆ ಉದ್ಯೋಗದಿಂದ ಬರುವ ಎನ್‌ಎಚ್‌ಎಸ್ ಪಿಂಚಣಿ ಮೈಸೂರಿನಲ್ಲಿದ್ದರೂ ಬೆಲೆಯೇರಿಕೆಗೆ ತಕ್ಕಂತೆ ಏರುತ್ತಲೇ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಈ ತಾರತಮ್ಯದ ವಿರುದ್ಧ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2005ರಲ್ಲಿ ಸೋತರು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಸರ್ಕಾರದ ಪರವೇ ನಿಂತಿತು. ಕಾನೂನು ಮುಗಿದಿದೆ, ಉಳಿದದ್ದು ರಾಜಕೀಯ.

ರಾಜಕೀಯ ಎಂದರೆ ಇಲ್ಲಿ ಬರಿಮಾತಲ್ಲ. 2024ರ ಜನವರಿ 16ರಿಂದ ಹೊರದೇಶದಲ್ಲಿರುವ ಬ್ರಿಟಿಷ್ ಪ್ರಜೆಗಳು ಎಷ್ಟು ವರ್ಷವಾದರೂ ಮತದಾರರಾಗಿ ಉಳಿಯಬಹುದು. ಮೊದಲಿದ್ದ ಹದಿನೈದು ವರ್ಷದ ಮಿತಿ ಹೋಗಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡು ಒಸಿಐ ಕಾರ್ಡಿನಲ್ಲಿ ಇಲ್ಲಿರುವವರಿಗೆ, ಹಿಂದೆ ವಾಸವಿದ್ದ ಕ್ಷೇತ್ರದ ಸಂಸದರು ಹೀಗೆ ಮತ್ತೆ ಸಿಕ್ಕಂತಾಯಿತು. ಅರ್ಜಿ ತಿಂಗಳುಗಟ್ಟಲೆ ಕದಲದಿದ್ದರೆ ಮೊದಲು ಪಿಂಚಣಿ ಕೊಡುವ ಇಲಾಖೆಗೇ ಲಿಖಿತ ದೂರು, ಬಳಿಕ ಇಂಡಿಪೆಂಡೆಂಟ್ ಕೇಸ್ ಎಕ್ಸಾಮಿನರ್, ಅಲ್ಲೂ ಆಗದಿದ್ದರೆ ಪಾರ್ಲಿಮೆಂಟರಿ ಓಂಬುಡ್ಸ್‌ಮನ್. ಓಂಬುಡ್ಸ್‌ಮನ್ ಬಾಗಿಲಿಗೆ ನೇರವಾಗಿ ಹೋಗುವಂತಿಲ್ಲ, ಸಂಸದರ ಮೂಲಕವೇ ಹೋಗಬೇಕು. ಆದ್ದರಿಂದ ಪಿಂಚಣಿಯ ವಯಸ್ಸು ಹತ್ತಿರವಾದವರು ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ, ಕಳಿಸಿದ ಪ್ರತಿ ಹಾಳೆಯ ನಕಲು ಇಟ್ಟುಕೊಂಡು, ಫೋನಿನಲ್ಲಿ ಮಾತಾಡಿದವರ ಹೆಸರು ಮತ್ತು ತಾರೀಖು ಬರೆದಿಡಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸವನ್ನೂ ಅದೇ ವಾರ ಮುಗಿಸಲಿ.