ಅಂಡಾಣು ಕಟ್ಟಿಕೊಡುವ ಬುತ್ತಿ

ಮನುಷ್ಯರ ಅಂಡಾಣುವಿನ ಅಗಲ ಸುಮಾರು 0.1 ಮಿಲಿಮೀಟರ್. ಅದು ಫಲಿತವಾದ ಮೇಲೆ ಮೊದಲ ಒಂದೆರಡು ದಿನ ಭ್ರೂಣದ ಸ್ವಂತ ಜೀನುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಕೋಶ ಎರಡಾಗುವುದು, ನಾಲ್ಕಾಗುವುದು ಎಲ್ಲ ತಾಯಿಯ ಬುತ್ತಿಯ ಬಲದಿಂದಲೇ. ಅಂಡಾಣು ಬೆಳೆಯುವಾಗಲೇ ತನ್ನ ಜೀನುಗಳಿಂದ ಆರ್‌ಎನ್‌ಎ ಸಂದೇಶಗಳನ್ನು ತಯಾರಿಸಿ, ಪ್ರೋಟೀನುಗಳ ಜೊತೆ ಕೂಡಿಟ್ಟಿರುತ್ತದೆ. ಎಷ್ಟೋ ಸಂದೇಶಗಳು ಬೇಕಾಗುವ ಗಳಿಗೆಯವರೆಗೂ ಬಳಕೆಯಾಗದೆ ಕಾಯುತ್ತವೆ. ಎಂಥ ಮುಂದಾಲೋಚನೆ!

ಈ ಏರ್ಪಾಡಿನ ಸೊಗಸು ನನಗೆ ಹೆಚ್ಚು ಕಾಣುವುದು ಹಣ್ಣಿನ ನೊಣದಲ್ಲಿ. ತಾಯಿ ನೊಣದ ಪೋಷಕ ಕೋಶಗಳು ‘ಬೈಕಾಯ್ಡ್’ ಜೀನಿನ ಆರ್‌ಎನ್‌ಎಯನ್ನು ತಯಾರಿಸಿ ಅಂಡಕ್ಕೆ ಸಾಗಿಸುತ್ತವೆ. ಅದು ಅಂಡದ ಮುಂತುದಿಯಲ್ಲಿ ನೆಲೆಯೂರುತ್ತದೆ. ಮೊಟ್ಟೆ ಇಟ್ಟ ಮೇಲೆ ಅದರಿಂದ ಪ್ರೋಟೀನು ಹುಟ್ಟಿ ಹಿಂದಕ್ಕೆ ಹರಡುತ್ತದೆ, ದೂರ ಹೋದಂತೆ ತೆಳುವಾಗುತ್ತದೆ. ದಟ್ಟವಾಗಿರುವ ಕಡೆ ತಲೆ, ತುಸು ಹಿಂದೆ ಎದೆ. ಒಂದೇ ವಸ್ತುವಿನ ಏರಿಳಿತದಲ್ಲಿ ದೇಹದ ದಿಕ್ಕೇ ಅಡಗಿದೆ! ತಾಯಿಯಲ್ಲಿ ಆ ಜೀನು ಕೆಟ್ಟಿದ್ದರೆ, ತಂದೆಯದು ಸರಿಯಿದ್ದರೂ, ಮರಿಹುಳುವಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ.

ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಷಾಸ್ ಇಂಥ ಜೀನುಗಳನ್ನು ಹುಡುಕಿದ ಕೆಲಸಕ್ಕೆ ಎಡ್ವರ್ಡ್ ಲೂಯಿಸ್ ಜೊತೆ 1995ರ ನೊಬೆಲ್ ಹಂಚಿಕೊಂಡರು.

ಬುತ್ತಿ ಸದಾ ಉಳಿಯುವುದಿಲ್ಲ. ತಾಯಿಯ ಸಂದೇಶಗಳು ಕರಗುತ್ತ ಬಂದಂತೆ ಭ್ರೂಣ ಸ್ವಂತ ಜೀನುಗಳನ್ನು ಚಾಲೂ ಮಾಡುತ್ತದೆ: ಇಲಿಯಲ್ಲಿ ಎರಡು ಕೋಶಗಳಿರುವಾಗ, ಮನುಷ್ಯರಲ್ಲಿ ಮುಖ್ಯವಾಗಿ ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ.